ಹಸಿ ಮೈಯವಳು ಅಳಬಾರದೆಂದಿದ್ದರು

ಕಳೆದ ಬೇಸಿಗೆಯಲ್ಲಿ ನನ್ನ ಸೊಸೆ ಹುಬ್ಬಳ್ಳಿಯ ಮನೆಯ ಹಳೆಯ ಕೂಲರಿಗೆ ಲಾವಂಚದ ತಟ್ಟಿ ಹಾಕಿಸಿದಳು. ನೀರು ತುಂಬಿ ಗುಂಡಿ ಒತ್ತಿದಾಗ ಮೊದಲು ಒಣಗಾಳಿ ಬಂತು, ಅದರ ಹಿಂದೆಯೇ ತೊಯ್ದ ಬೇರಿನ ವಾಸನೆ. ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದ ನಾನು ಕೈ ನಿಲ್ಲಿಸಿದೆ.

“ಯಾಕ ಅತ್ತೀ, ಒಬ್ಬರ ನಗಾಕತ್ತೀರಲ್ಲ?” ಎಂದಳು ಸೊಸೆ.

“ನಾಗಪುರ ನೆನಪಾತವಾ.”

“ನಾಗಪುರದಾಗ ಅಂಥಾದ್ದೇನಿತ್ತರೀ?”

“ಬಿಸಿಲಿತ್ತು” ಎಂದೆ. ಆಗ ಅದಕ್ಕಿಂತ ಹೆಚ್ಚು ಹೇಳಲು ತೋಚಲಿಲ್ಲ. ಸೊಪ್ಪು ಸೋಸುತ್ತ ಹೇಳಿ ಮುಗಿಸುವಂಥ ಮಾತೂ ಅದಾಗಿರಲಿಲ್ಲ.

ಐವತ್ತರ ದಶಕದ ನಡುವಿನ ಒಂದು ವರ್ಷ. ನಾಗಪುರ ಆಗಿನ್ನೂ ಹಳೆಯ ಮಧ್ಯಪ್ರದೇಶದ ರಾಜಧಾನಿ. ನಮ್ಮವರಿಗೆ ತಾರು ಕಚೇರಿಯಲ್ಲಿ ಕೆಲಸ. ಕಟಕಟ ಸದ್ದು ಕೇಳಿ ಅಕ್ಷರ ಬರೆದುಕೊಳ್ಳುವ ಕೆಲಸ. ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಯಿತು. ಯುಗಾದಿ ಮುಗಿಸಿಕೊಂಡು ನಾವಿಬ್ಬರೂ ಎರಡು ಟ್ರಂಕು, ಒಂದು ಹಾಸಿಗೆಯ ಸುರುಳಿ ಹೊತ್ತು ರೈಲು ಹತ್ತಿದೆವು.

ಇಬ್ಬರೇ ಎಂದು ಹೇಳುವಾಗ ಈಗಲೂ ನಾಲಿಗೆ ತಡೆಯುತ್ತದೆ. ಆ ಮಾಘ ಮಾಸದಲ್ಲಿ ಗದಗಿನ ನನ್ನ ತವರುಮನೆಯಲ್ಲಿ ಚೊಚ್ಚಲ ಹೆರಿಗೆಯಾಗಿತ್ತು. ಗಂಡು ಮಗು. ನಸುಕಿನಲ್ಲಿ ಹುಟ್ಟಿತು, ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿಬಿಟ್ಟಿತು. ಅಷ್ಟೂ ಹೊತ್ತು ನನ್ನ ತೋಳಿನಲ್ಲೇ ಇತ್ತು. ಅಪ್ಪ ತನ್ನ ಧೋತರದ ತುಂಡಿನಲ್ಲಿ ಸುತ್ತಿ ಎತ್ತಿಕೊಂಡು ಹೋದ. “ಅಳಬ್ಯಾಡ ಶಾಂತಾ, ಹಸಿ ಮೈ ಐತಿ, ಕಣ್ಣು ಕೆಡ್ತಾವ” ಎಂದಳು ಅವ್ವ. ಸೂಲಗಿತ್ತಿಯೂ ಅದನ್ನೇ ಅಂದಳು, ನೋಡಲು ಬಂದವರೆಲ್ಲ ಅದನ್ನೇ ಅಂದರು. ನಾನು ಅಳಲಿಲ್ಲ. ಕುಡಿಯುವವನಿಲ್ಲದಿದ್ದರೂ ಎದೆಯಲ್ಲಿ ಹಾಲು ಬಂತು. ಅದು ಇಂಗಲೆಂದು ಅವ್ವ ಮಲ್ಲಿಗೆ ಹೂವನ್ನು ಎದೆಗೆ ಒತ್ತಿ ಬಟ್ಟೆ ಬಿಗಿಯುತ್ತಿದ್ದಳು. ಹೂವಿನ ಕಾಲ ಇನ್ನೂ ಶುರುವಾಗಿರಲಿಲ್ಲ. ಅಪ್ಪ ಎಲ್ಲಿಂದಲೋ ಹುಡುಕಿ ತರುತ್ತಿದ್ದ. ಬಾಡಿದ ಹಾಗೆ ಅವ್ವ ಬದಲಿಸುತ್ತಿದ್ದಳು.

ನಮ್ಮವರು ಮರುದಿನ ಬಂದರು. ಕೋಣೆಯ ಬಾಗಿಲಲ್ಲಿ ನಿಂತು, “ಮೈ ಹೆಂಗೈತಿ?” ಎಂದರು. “ಚಲೋ ಐತ್ರಿ” ಎಂದೆ. ನಮ್ಮಿಬ್ಬರ ನಡುವೆ ಆ ವಿಷಯದಲ್ಲಿ ಆದ ಮಾತು ಅಷ್ಟೇ. ಆಮೇಲೆ ಮನೆಯಲ್ಲಿ ಯಾರೂ ಮಗುವಿನ ಸುದ್ದಿ ಎತ್ತಲಿಲ್ಲ. ವರ್ಗದ ಆದೇಶ ಬಂದಾಗ ಹಿರಿಯರೆಲ್ಲ ಒಳ್ಳೆಯದೇ ಆಯಿತೆಂದರು. ಊರು ಬದಲಾದರೆ ಮರೆಯುತ್ತಾಳೆ ಎಂಬ ಎಣಿಕೆ.

ನಾಗಪುರದಲ್ಲಿ ಮಹಾಲ್ ಎಂಬ ಹಳೆಯ ಪೇಟೆಯ ಒಂದು ವಾಡೆಯಲ್ಲಿ ನಮಗೆ ಮನೆ ಸಿಕ್ಕಿತು. ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಸುತ್ತ ಮರದ ಕಂಬಗಳ ಪಡಸಾಲೆ. ಮಾಳಿಗೆಯ ಮೇಲಿನ ಎರಡು ಕೋಣೆ ನಮ್ಮವು. ಕೆಳಗೆ ವಾಡೆಯ ಯಜಮಾನಿ ರಾಧಾಬಾಯಿ, ಆಕೆಯ ಮಗ, ಸೊಸೆ ಕುಸುಮ. ರಾಧಾಬಾಯಿಯನ್ನು ಓಣಿಯವರೆಲ್ಲ ಕಾಕು ಎನ್ನುತ್ತಿದ್ದರು, ಚಿಕ್ಕಮ್ಮ ಎಂದಂತೆ. ದಪ್ಪ ದನಿಯ, ಬಿರುಸು ಮಾತಿನ ಹೆಂಗಸು. ನಾವು ಟಾಂಗಾದಿಂದ ಇಳಿದು ಟ್ರಂಕು ಕೆಳಗಿಡುವ ಮೊದಲೇ ಕೇಳಿದಳು, “ಮುಲಂ-ಬಾಳಂ?” ಮಕ್ಕಳುಮರಿ ಎಷ್ಟು ಎಂದು.

“ಇನ್ನೂ ಇಲ್ಲ” ಎಂದೆ, ನನಗೆ ಬರುವ ಅರೆಬರೆ ಮರಾಠಿಯಲ್ಲಿ. ನಗುತ್ತ ಹೇಳಿದೆ.

ರೈಲಿನಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ಹೊಸ ಊರಿನಲ್ಲಿ ಯಾರಿಗೂ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಬಾವಿಕಟ್ಟೆಯಲ್ಲಿ ನಗುತ್ತಿದ್ದೆ, ತರಕಾರಿಯವನ ಜೊತೆ ನಗುತ್ತಿದ್ದೆ, ಕಾಕು ಬೈದರೂ ನಗುತ್ತಿದ್ದೆ. ಓಣಿಯಲ್ಲಿ ನನಗೆ ‘ಹಸರೀ ಶಾಂತಾ’ ಎಂದು ಹೆಸರು ಬಿತ್ತು. ನಗುವ ಶಾಂತಾ. ಒಳಗೆ ಅತ್ತು ಹೊರಗೆ ನಗುತ್ತಿದ್ದೆ ಎಂದುಕೊಳ್ಳಬೇಡಿ. ಒಳಗೂ ಅಳು ಇರಲಿಲ್ಲ. ಒಳಗೆ ಏನಿದೆಯೆಂದು ನಾನು ನೋಡಿಕೊಳ್ಳುತ್ತಲೇ ಇರಲಿಲ್ಲ. ಕೈಯಿಂದ ಪಾತ್ರೆ ಜಾರಿ ಬೀಳುತ್ತಿದ್ದವು; ಹೊಸ ಮನೆ, ರೂಢಿಯಿಲ್ಲ ಎಂದುಕೊಂಡೆ. ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ನಿದ್ದೆ ಬರುತ್ತಿರಲಿಲ್ಲ, ಸೆಕೆಯೆಂದುಕೊಂಡೆ. ದುಃಖ ಎಂಬ ಮಾತು ತಲೆಗೆ ಬರಲೇ ಇಲ್ಲ.

ಸಿಟ್ಟು ಮಾತ್ರ ಇತ್ತು, ಅದೂ ನಮ್ಮವರ ಮೇಲೆ. ಕಚೇರಿಯಿಂದ ಬಂದು ಮಂಚದ ಮೇಲೆ ಕುಳಿತು, ಬೆರಳಿನಿಂದ ಮಂಚದ ಪಟ್ಟಿಯನ್ನು ಕುಟುಕುತ್ತ ಕಿಟಕಿಯ ಕಡೆ ನೋಡುತ್ತಿದ್ದರು. ಕೇಳಿದ್ದಕ್ಕೆ ಉತ್ತರ, ಇಲ್ಲದಿದ್ದರೆ ಮೌನ. ಇವರಿಗೇನು, ಒಂದು ದಿನ ರಜೆ ಹಾಕಿ ಗದಗಿಗೆ ಬಂದರು, ಹೋದರು, ಮುಗಿಯಿತು ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಕುಸುಮ ನನಗಿಂತ ಒಂದೆರಡು ವರ್ಷ ಚಿಕ್ಕವಳು. ಮೊದಲ ವಾರವೇ ಬಾವಿಯ ಬಳಿ ನಾನು ನಮ್ಮವರನ್ನು ಕೂಗಿ ಏನೋ ಹೇಳಿದ್ದು ಕೇಳಿ, ತಂಬಿಗೆ ಬಿಟ್ಟು ಓಡಿಬಂದಳು.

“ಅಕ್ಕಾ, ನೀವು ಕನ್ನಡದವರೇನ್ರಿ? ನಮ್ಮವ್ವ ಹಿಂಗಚ್ ಮಾತಾಡ್ತಿದ್ಲು! ಬರೋಬರ್ ಹಿಂಗಚ್!”

ಸೋಲಾಪುರದ ಹುಡುಗಿ ಅವಳು. ತಂದೆ ಮರಾಠಿಯವರು, ತಾಯಿ ಕನ್ನಡದವಳು. ತಾಯಿ ತೀರಿ ಬಹಳ ವರ್ಷವಾಗಿತ್ತು. ನಾಗಪುರಕ್ಕೆ ಸೊಸೆಯಾಗಿ ಬಂದ ಮೇಲೆ ಕನ್ನಡದ ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ. ಅವತ್ತಿನಿಂದ ನನ್ನ ಸೆರಗು ಹಿಡಿದುಕೊಂಡೇ ತಿರುಗಲು ಶುರುಮಾಡಿದಳು. ಅವಳು ಬಸುರಿ. ಆರನೆಯ ತಿಂಗಳು.

ನಾನು ಅವಳಿಗೆ ಹುಣಸೆ ತೊಕ್ಕು ಮಾಡಿಕೊಟ್ಟೆ, ಹೆರಳು ಹಾಕಿದೆ, ಹೊಟ್ಟೆ ಬಿಗಿದುಕೊಂಡಾಗ ಹೇಗೆ ಮಲಗಬೇಕೆಂದು ಹೇಳಿದೆ. ಎಲ್ಲವನ್ನೂ ನಗುತ್ತಲೇ ಮಾಡಿದೆ. ಒಂದನ್ನು ಮಾತ್ರ ಮಾಡುತ್ತಿರಲಿಲ್ಲ. ಅವಳ ಮುಖ ನೋಡುತ್ತಿರಲಿಲ್ಲ. ನನ್ನ ಕಣ್ಣು ಅವಳ ಹೊಟ್ಟೆಗೂ ಹೋಗದೆ, ಮುಖಕ್ಕೂ ಹೋಗದೆ, ಎಲ್ಲೋ ಕಂಬದ ಮೇಲೆ, ಬಾವಿಯ ಗಡಗಡಿಯ ಮೇಲೆ ಇರುತ್ತಿತ್ತು.

ಚೈತ್ರ ಕಳೆದು ಬಿಸಿಲು ಏರಿತು. ಗದಗಿನ ಬಿಸಿಲು ಕಂಡವಳು ನಾನು. ಆದರೆ ನಾಗಪುರದ್ದು ಬೇರೆ ಜಾತಿ. ಬೆಳಗಿನ ತಿಂಡಿಯ ಹೊತ್ತಿಗೇ ಕಿಟಕಿಗಳು ಮುಚ್ಚುತ್ತಿದ್ದವು. ಆಮೇಲೆ ಲೂ ಎಂಬ ಬೆಂಕಿಗಾಳಿ ಓಣಿಯಲ್ಲಿ ಒಂದೇ ಸಮನೆ ಬೀಸುತ್ತಿತ್ತು. ಹೊರಗೆ ಹೋಗುವ ಗಂಡಸರು ಕಿವಿಗೆ ಬಟ್ಟೆ ಸುತ್ತಿ, ಕಿಸೆಯಲ್ಲಿ ಈರುಳ್ಳಿ ಇಟ್ಟುಕೊಳ್ಳುತ್ತಿದ್ದರು. ಅನುಕೂಲಸ್ಥರ ಬಾಗಿಲಿಗೆಲ್ಲ ಲಾವಂಚದ ತಟ್ಟಿ. ಅದಕ್ಕೆ ನೀರು ಹೊಡೆಯುತ್ತಿದ್ದರೆ ಬೆಂಕಿಗಾಳಿಯೂ ಒಳಗೆ ಬರುವಾಗ ತಂಪಾಗುತ್ತಿತ್ತು. ನಮ್ಮ ಮಾಳಿಗೆಯ ಕೋಣೆಗೂ ನಮ್ಮವರು ಒಂದು ತಟ್ಟಿ ತಂದು ಕಟ್ಟಿದರು.

ಅಂಥ ಬಿಸಿಲಿನಲ್ಲಿ ಕುಸುಮಳ ಏಳನೆಯ ತಿಂಗಳ ಸಮಾರಂಭ ಬಂತು. ನಮ್ಮ ಕಡೆ ಕುಬಸ ಮಾಡುತ್ತೇವಲ್ಲ, ಹಾಗೆ. ಪಡಸಾಲೆಯ ತುಂಬ ಹೆಂಗಸರು. ಕುಸುಮಳಿಗೆ ಹಸಿರು ಸೀರೆ ಉಡಿಸಿ, ಮೈತುಂಬ ಹೂವಿನ ಒಡವೆ ಹಾಕಿದ್ದರು. ಹೂವಿನ ಬಾಸಿಂಗ, ಹೂವಿನ ತೋಳಬಂದಿ, ಹೂವಿನ ಡಾಬು. ಎಲ್ಲವೂ ಮಲ್ಲಿಗೆ.

ಉಡಿ ತುಂಬುವ ಹೊತ್ತಿಗೆ ಕಾಕು ಒಬ್ಬೊಬ್ಬರನ್ನೇ ಕರೆದಳು. ಕಂಕುಳಲ್ಲಿ ಕೂಸಿದ್ದವರು, ಮಕ್ಕಳೊಂದಿಗರು. ನನ್ನ ಬಳಿ ಬಂದಾಗ ಆಕೆ ಕೆನ್ನೆ ಸವರಿ, “ನೀನು ಹಾಡು ಹೇಳು ಶಾಂತಾ. ಮುಂದಿನ ವರ್ಷ ನಿನ್ನ ಪಾಳಿ” ಎಂದಳು. ಅದರಲ್ಲಿ ಕೊಂಕಿರಲಿಲ್ಲ, ಪ್ರೀತಿಯೇ ಇತ್ತು. ನಾನು ನಕ್ಕೆ. ಅಷ್ಟರಲ್ಲಿ ಕುಸುಮ ಕೈಚಾಚಿ, “ಅಕ್ಕಾ, ನನ್ನ ಬಾಜೂಕ ಕುಂದರ್ರಿ” ಎಂದು ಎಳೆದುಕೊಂಡಳು.

ಮಲ್ಲಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಎದೆ ಕಲ್ಲಿನಂತೆ ಬಿಗಿಯಿತು, ಹಾಲು ಇಳಿದಂತೆ. ಹಾಲೆಲ್ಲಿಂದ ಬರಬೇಕು, ಇಂಗಿ ತಿಂಗಳುಗಳಾಗಿದ್ದವು. ನೀರು ತರುತ್ತೇನೆಂದು ಎದ್ದೆ. ಬಾವಿಯ ಕಡೆ ಹೋಗಬೇಕಾದ ಕಾಲು ಮೆಟ್ಟಿಲು ಹತ್ತಿತು. ನಮ್ಮ ಕೋಣೆಯನ್ನೂ ದಾಟಿ ಮೇಲಿನ ಬಯಲು ಗಚ್ಚಿಗೆ ಹೋಯಿತು. ಕಾಕು ಒಣಹಾಕಿದ್ದ ಕುರಡಗಿ ಸಂಡಿಗೆಯ ಬಟ್ಟೆಯ ಪಕ್ಕ, ಒಂದು ಚೂರೂ ನೆರಳಿಲ್ಲದ ಕಡೆ ಕುಳಿತೆ. ಕೆಳಗೆ ಹಾಡು ಕೇಳುತ್ತಿತ್ತು. ಗಚ್ಚು ಸುಡುತ್ತಿದ್ದದ್ದು ಗೊತ್ತಾಗುತ್ತಿತ್ತು, ಆದರೆ ಏಳಬೇಕೆಂದು ಅನ್ನಿಸಲಿಲ್ಲ. ಮಗು ಇಲ್ಲವೆಂದು ನಾನೇ ಹೇಳಿದ್ದೆನಲ್ಲ, ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಆಮೇಲಿನದು ನೆನಪಿಲ್ಲ.

ಕುರಡಗಿ ತಿರುವಿಹಾಕಲು ಬಂದ ಕಾಕು ನನ್ನನ್ನು ನೋಡಿ ಕೂಗಿದ ಕೂಗು ಓಣಿಯ ತುದಿಗೆ ಕೇಳಿತ್ತಂತೆ. ಹೂವು ಮುಡಿದ ಹೆಂಗಸರೆಲ್ಲ ಸೇರಿ ನನ್ನನ್ನು ಹೊತ್ತು ಕೆಳಗಿಳಿಸಿದರು. ಅಂಗಾಲಿಗೆ ಈರುಳ್ಳಿ ರಸ ತಿಕ್ಕಿದರು, ತಲೆಗೆ ನೀರು ಹೊಯ್ದರು. ಯಾರನ್ನೋ ಕಚೇರಿಗೆ ಓಡಿಸಿ ನಮ್ಮವರನ್ನು ಕರೆಸಿದರು. ಡಾಕ್ಟರರು ಬಂದು ಲೂ ಬಡಿದಿದೆ, ಸ್ವಲ್ಪದರಲ್ಲಿ ಉಳಿದಳು ಎಂದರು. ಕಾಕು ಎರಡು ದಿನ ನನ್ನನ್ನು ಬೈದಳು. ಬೈಯುತ್ತಲೇ ಮಾವಿನಕಾಯಿ ಪಾನಕ ಕುಡಿಸಿದಳು.

ಮೂರನೆಯ ದಿನ ಮಧ್ಯಾಹ್ನ ಜ್ವರ ಇಳಿದಿತ್ತು. ನಮ್ಮವರು ರಜೆ ಹಾಕಿ ಮನೆಯಲ್ಲೇ ಇದ್ದರು. ತಂಬಿಗೆ ಹಿಡಿದು ಬಾಗಿಲ ಬಳಿ ಕುಳಿತು ತಟ್ಟಿಗೆ ನೀರು ಹೊಡೆಯುತ್ತಿದ್ದರು. ಕೋಣೆ ಮಬ್ಬಾಗಿತ್ತು, ತಂಪಾಗಿತ್ತು.

“ಅಂಥಾ ಬಿಸಿಲಿಗೆ ಯಾಕ ಹೋಗಿದ್ದಿ?” ಎಂದರು, ನನ್ನ ಕಡೆ ನೋಡದೆ.

“ಮಲ್ಲಿಗಿ ವಾಸನಿ ತಡೀಲಿಲ್ರಿ.”

“ಮಲ್ಲಿಗಿಗೇನಾಗೈತಿ? ನಿಂಗ ಸೇರತಿತ್ತಲ್ಲ?”

ಅವರಿಗೆ ಗೊತ್ತಿರಲಿಲ್ಲ. ಯಾರು ಹೇಳಬೇಕು? ಅವ್ವ ಎದೆಗೆ ಹೂವು ಕಟ್ಟುತ್ತಿದ್ದದ್ದನ್ನು ಹೇಳಿದೆ. ಹಾಲು ಬಂದದ್ದನ್ನು ಹೇಳಿದೆ. ನೆಲದ ಮೇಲೆ ಬಿದ್ದ ವಸ್ತುವಿನ ಬಗ್ಗೆ ಹೇಳುವಂತೆ ಬರೀ ಸುದ್ದಿಯಾಗಿ ಹೇಳಿದೆ. ಅವರು ತಂಬಿಗೆ ಕೆಳಗಿಟ್ಟರು.

“ಆ ತಾರು ನಾನ ತಗೊಂಡೆ” ಎಂದರು ಕೊನೆಗೆ.

“ಯಾವ ತಾರು?”

“ನಿಮ್ಮಪ್ಪ ಕಳಿಸಿದ್ದು. ಅವತ್ತು ಹುಬ್ಬಳ್ಳಿಯಾಗ ನಂದ ಪಾಳಿ ಇತ್ತು. ಮೊದಲು ನನ್ನ ಹೆಸರ ಬಂತು. ಹಡದಾಳ, ಕೂಸು ಆಗೈತಿ ಅಂತ ನಕ್ಕೋಂತ ಬರಕೊಳ್ಳಾಕ ಹತ್ತಿದೆ. ಬಾಜೂದವರಿಗೂ ಹೇಳಿದೆ, ನಮ್ಮನಿಯಿಂದ ಬರಾಕತ್ತೈತಿ ಅಂತ. ಆಮ್ಯಾಲ ಮುಂದಿಂದು ಬಂತು. ಕೈ ನಿಲ್ಲಿಸೂ ಹಂಗಿಲ್ಲ. ಬರಕೊಂಡೆ. ಪೂರಾ ಬರಕೊಂಡೆ.”

ನಾನು ಎದ್ದು ಕುಳಿತೆ. ಬಾಗಿಲಲ್ಲಿ ನಿಂತು ‘ಮೈ ಹೆಂಗೈತಿ’ ಎಂದಿದ್ದ ಮನುಷ್ಯ ಎಲ್ಲಿಂದ ಎದ್ದುಬಂದು ನಿಂತಿದ್ದನೆಂದು ನನಗೆ ಆ ತನಕ ಹೊಳೆದೇ ಇರಲಿಲ್ಲ.

“ನನಗ್ಯಾಕ ಹೇಳಲಿಲ್ರಿ?”

“ನಿಂದ ನಿನಗ ಹೊರಿ ಆಗಿತ್ತು. ಅದರ ಮ್ಯಾಲ ನಂದೆಲ್ಲಿ ಇಡಲಿ?” ಎಂದರು. ಆಮೇಲೆ, ಅಪ್ಪಣೆ ಕೇಳುವವರಂತೆ, “ಹೆಂಗಿದ್ದ ಅಂವ?” ಎಂದರು.

ಆ ಪ್ರಶ್ನೆಯನ್ನು ಜಗತ್ತಿನಲ್ಲಿ ಯಾರೂ ನನಗೆ ಕೇಳಿರಲಿಲ್ಲ. ಅವನನ್ನು ಅವರು ನೋಡಿಯೇ ಇರಲಿಲ್ಲ; ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೋಡಿದವಳು ನಾನು. ನನ್ನ ಹತ್ತಿರ ಒಂದು ಅರ್ಧ ದಿನವಿತ್ತು, ಅವರ ಹತ್ತಿರ ಅದೂ ಇರಲಿಲ್ಲ.

“ತಲಿ ತುಂಬ ಕೂದಲಿತ್ರಿ. ಗದ್ದದಾಗ ನಿಮ್ಮಂಗ ಗುಣಿ. ಕಾಲು ಉದ್ದ. ನನ್ನ ಬೆರಳು ಗಟ್ಟಿ ಹಿಡಕೊಂಡಿದ್ದ” ಎಂದೆ.

ಅವರ ಕೈ ತಾನಾಗಿಯೇ ತಮ್ಮ ಗದ್ದ ಮುಟ್ಟಿಕೊಂಡಿತು. ಆಮೇಲೆ ಅವರ ಭುಜ ಕುಲುಕಾಡತೊಡಗಿತು. ನನಗೂ ಆಗ ಬಂತು. ಮಾಘದಿಂದ ಬರದೇ ಇದ್ದದ್ದು ಒಂದೇ ಸಲಕ್ಕೆ, ಸದ್ದು ಮಾಡಿಕೊಂಡು ಬಂತು. ಅಳುತ್ತಲೇ ಅವರ ಕೈ ಮತ್ತೆ ತಂಬಿಗೆ ಎತ್ತಿ ತಟ್ಟಿಗೆ ನೀರು ಹೊಯ್ಯತೊಡಗಿತು, ಏನು ಮಾಡುತ್ತಿದ್ದಾರೆಂದು ಅವರಿಗೇ ಗೊತ್ತಿಲ್ಲದೆ, ತಂಬಿಗೆಯ ಮೇಲೆ ತಂಬಿಗೆ. ಕೆಳಗಿನಿಂದ ಕಾಕು ಅಬ್ಬರಿಸಿದಳು:

“ಅರೇ, ಕಾಯ್ ಚಾಲಲಂಯ್ ವರ್ತೀ? ಏನು ನಡೆದಿದೆ ಮೇಲೆ? ನನ್ನ ಮೆಣಸಿನಕಾಯೆಲ್ಲ ತೊಯ್ದುಹೋಯಿತು!”

ನಮ್ಮವರು ಮೂಗೊರೆಸಿಕೊಂಡು ಹೊರಗೆ ಬಗ್ಗಿ, “ಕಾಹೀ ನಾಹೀ ಕಾಕು, ಠೀಕ್ ಆಹೇ” ಎಂದರು, ಏನಿಲ್ಲ, ಎಲ್ಲ ಸರಿಯಿದೆ ಎಂದು. ಒಳಗೆ ಬಂದು ನನ್ನ ಮುಖ ನೋಡಿದರು. ಇಬ್ಬರಿಗೂ ನಗು ಬಂತು. ಕಣ್ಣೀರು ನಿಂತಿರಲಿಲ್ಲ, ನಗುವೂ ನಿಲ್ಲಲಿಲ್ಲ. ತಿಂಗಳುಗಟ್ಟಲೆ ಓಣಿಗೆಲ್ಲ ನಗು ಹಂಚಿದ್ದೆ, ಆದರೆ ನನಗಾಗಿ ನಕ್ಕದ್ದು ಅವತ್ತು. ಅಂದು ಸಂಜೆ ಹಸಿವಾಯಿತು. ಎಷ್ಟೋ ದಿನಗಳ ಮೇಲೆ ಹಸಿವೆಂಬುದು ಗೊತ್ತಾಯಿತು.

ಮರುದಿನ ಕುಸುಮ ಕಷ್ಟಪಟ್ಟು ಮೆಟ್ಟಿಲು ಹತ್ತಿ ಬಂದಳು. ಏದುಸಿರು ಬಿಡುತ್ತ ಕುಳಿತು, “ಅಕ್ಕಾ, ನನ್ನ ಮ್ಯಾಲ ಸಿಟ್ಟದೇನ್ರಿ? ಉಡಿ ತುಂಬ್ಲಿಕ್ಕೆ ಕರೀಲಿಲ್ಲಂತ?” ಎಂದಳು.

ನಾನು ಅವಳ ಮುಖ ನೋಡಿದೆ. ನಿಜವಾಗಿ ನೋಡಿದ್ದು ಅದೇ ಮೊದಲು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ತುಟಿ ಕಚ್ಚಿ ಕಚ್ಚಿ ಸಿಪ್ಪೆ ಎದ್ದಿತ್ತು. ಇಷ್ಟು ದಿನ ಈ ಹುಡುಗಿ ನನ್ನ ಪಕ್ಕದಲ್ಲೇ ಇದ್ದಳಲ್ಲ!

“ಕುಸುಮಾ, ನಿನಗ ನಿದ್ದಿ ಬರತೈತೇನವಾ?” ಎಂದು ಕೇಳಿದೆ.

ಅಷ್ಟು ಕೇಳಿದ್ದೇ ತಡ, ನನ್ನ ತೊಡೆಯ ಮೇಲೆ ತಲೆಯಿಟ್ಟು ಅಳತೊಡಗಿದಳು. ಅವಳ ತಾಯಿ ಸತ್ತದ್ದು ಹೆರಿಗೆಯಲ್ಲಿ. ಕುಸುಮ ಆಗ ಪುಟ್ಟ ಹುಡುಗಿ. ಮುಚ್ಚಿದ ಬಾಗಿಲ ಹೊರಗೆ ಕುಳಿತಿದ್ದಳಂತೆ. ಒಳಗೆ ಹೋಗುವಾಗ ತಾಯಿ, ಅಂಗಳದಲ್ಲಿ ಆಡಿಕೋ, ಬರುತ್ತೇನೆ ಎಂದಿದ್ದಳು. ತಮ್ಮ ಹುಟ್ಟಿದ, ಬದುಕಿದ, ಈಗ ಶಾಲೆಗೆ ಹೋಗುತ್ತಾನೆ. ತಾಯಿ ಮಾತ್ರ ಆ ಬಾಗಿಲಿನಿಂದ ಹೊರಗೆ ಬರಲಿಲ್ಲ.

“ಇಲ್ಲಿ ಯಾರ ಮುಂದೂ ಹೇಳೂ ಹಂಗಿಲ್ಲಕ್ಕಾ. ಅಪಶಕುನ ಅಂತಾರ. ನಾನೂ ಹಂಗಚ್ ಹೋಗ್ತೀನೇನೋ ಅಂತ...” ಎಂದವಳು ತಟ್ಟನೆ ತಲೆಯೆತ್ತಿದಳು. “ಖರೇ ಹೇಳ್ರಿ. ನಿಮಗ ಕೂಸು ಆಗಿತ್ತಲ್ಲಾ?”

“ಯಾರು ಹೇಳಿದ್ರು?” ಎಂದೆ.

“ಯಾರೂ ಇಲ್ಲ. ಹೊಟ್ಟಿ ಗಟ್ಟಿ ಆದಾಗ ಎಡಮಗ್ಗಲಾಗು, ತಾನಚ್ ಸಡಲಾಗ್ತದ ಅಂದಿದ್ರಿ. ಕೇಳಿದ ಮಾತಲ್ಲ ಅದು, ಕಂಡ ಮಾತು.”

ಬಸುರಿಯ ಮುಂದೆ ಸತ್ತ ಕೂಸಿನ ಮಾತು ಆಡಬಾರದು. ಹೆಂಗಸಾದವಳಿಗೆ ಅದನ್ನು ಯಾರೂ ಕಲಿಸಿಕೊಡಬೇಕಿಲ್ಲ. ಇಲ್ಲ ಎಂದುಬಿಡಬಹುದಿತ್ತು, ಹಾಗೆ ಹೇಳಿ ರೂಢಿಯೂ ಆಗಿತ್ತು. ಆದರೆ ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಹೆದರಿದವರಿಗೆ ಸುಳ್ಳು ಬೇಗ ಗೊತ್ತಾಗುತ್ತದೆ. ನಾನು ಇಲ್ಲವೆಂದರೆ, ಅವಳ ಹೆದರಿಕೆ ಮತ್ತೆ ಒಂಟಿಯಾಗಿಯೇ ಮೆಟ್ಟಿಲು ಇಳಿದು ಹೋಗುತ್ತಿತ್ತು.

“ಆಗಿತ್ತವಾ. ಗಂಡು. ಉಳೀಲಿಲ್ಲ” ಎಂದೆ.

ಹೇಳಿದ ಕೂಡಲೇ ತಪ್ಪು ಮಾಡಿದೆನೆಂದು ಅನ್ನಿಸಿತು. ಅವಳು ನನ್ನ ಮುಂಗೈಯನ್ನು ಎರಡೂ ಕೈಯಿಂದ ಹಿಡಿದಳು. ಹಿಡಿದು ಒತ್ತಿ ನೋಡಿದಳು, ಇದು ಮನುಷ್ಯರ ಕೈಯೇ ಹೌದೇ ಎಂದು ಪರೀಕ್ಷಿಸುವಂತೆ.

“ಆದ್ರ ನೀವು ಅದೀರಲ್ಲಾ ಅಕ್ಕಾ!” ಎಂದಳು. “ಒಳಗ ಹೋಗಿ ಹೊರಗ ಬಂದೀರಲ್ಲಾ! ನೀರು ಸೇದ್ತೀರಿ, ನಗ್ತೀರಿ...”

ಇಷ್ಟು ತಿಂಗಳು ನಾನು ಎಣಿಸುತ್ತಿದ್ದದ್ದು ಹೋದವನನ್ನು. ಉಳಿದವಳೊಬ್ಬಳಿದ್ದಾಳೆ ಎಂಬುದು ಅವಳು ಹೇಳುವ ತನಕ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಅವಳ ತಾಯಿಗೆ ಆಗದೇ ಹೋದದ್ದು ನನಗೆ ಆಗಿತ್ತು. ನನ್ನ ಕೈ ಬೆಚ್ಚಗಿತ್ತು. ಅಷ್ಟೇ ಸಾಕಾಗಿತ್ತು ಆ ಹುಡುಗಿಗೆ.

ಅಂದಿನಿಂದ ದಿನಾ ಮಧ್ಯಾಹ್ನ ಅವಳು ಮೇಲೆ ಬರುತ್ತಿದ್ದಳು. ಮೆಟ್ಟಿಲು ಹತ್ತಲಾರದಾದ ಮೇಲೆ ನಾನು ಕೆಳಗೆ ಹೋಗುತ್ತಿದ್ದೆ. ನೋವು ಎಲ್ಲಿಂದ ಶುರುವಾಗುತ್ತದೆ, ಎಷ್ಟು ಹೊತ್ತಿಗೆ ಉಸಿರು ಹಿಡಿಯಬೇಕು, ಎಷ್ಟು ಹೊತ್ತಿಗೆ ಬಿಡಬೇಕು, ಎಲ್ಲವನ್ನೂ ಕೇಳುತ್ತಿದ್ದಳು. ಮುಚ್ಚದೆ ಹೇಳುತ್ತಿದ್ದೆ. ತನ್ನ ತಾಯಿಯ ಬಗ್ಗೆ ಹೇಳುತ್ತಿದ್ದಳು. ಆಕೆ ಹೇಗೆ ಎಣ್ಣೆ ಹಚ್ಚುತ್ತಿದ್ದಳು, ಯಾವ ಮಾತಿಗೆ ಬೈಯುತ್ತಿದ್ದಳು. ಕಾಕುವಿಗೆ ಮೊದಮೊದಲು ಅನುಮಾನ. “ಏನದು ನಿಮ್ಮದು ಗುಡುಗುಡು ಗುಡುಗುಡು?” ಎಂದು ನಮ್ಮ ಕನ್ನಡವನ್ನು ಅಣಕಿಸುತ್ತಿದ್ದಳು. ಒಂದು ದಿನ ತಾನೂ ಬಂದು ಕಂಬಕ್ಕೆ ಒರಗಿ ಕುಳಿತಳು. “ಮಾತಾಡಿ, ಮಾತಾಡಿ. ನನಗೇನೂ ತಿಳಿಯುವುದಿಲ್ಲ. ಆದರೆ ನಿನ್ನ ಜೊತೆ ಮಾತಾಡಿದ ದಿನ ಈ ಹುಡುಗಿ ಎರಡು ಚಪಾತಿ ಹೆಚ್ಚು ತಿನ್ನುತ್ತಾಳೆ” ಎಂದಳು. ಸೊಸೆ ಸರಿಯಾಗಿ ಉಣ್ಣುತ್ತಿಲ್ಲವೆಂದು ಆಕೆಯೂ ಒಳಗೇ ಕೊರಗುತ್ತಿದ್ದಳೆಂದು ಆಗ ಗೊತ್ತಾಯಿತು. ಆಕೆಯ ಬೈಗುಳವೂ ಆಮೇಲೆ ನನಗೆ ಬೇರೆಯಾಗಿ ಕೇಳಿಸತೊಡಗಿತು.

ಜೂನ್ ಮುಗಿಯುತ್ತ ಬಂದಾಗ ಮಳೆ ಇಳಿಯಿತು. ಕಾದ ಹಂಚಿನಿಂದ ಹಬೆ ಏಳುತ್ತಿದ್ದ ಒಂದು ಮುಂಜಾನೆ ಕುಸುಮಳಿಗೆ ನೋವು ಶುರುವಾಯಿತು. ಟಾಂಗಾ ತರಿಸಿ ಆಸ್ಪತ್ರೆಗೆ ಹೊರಟೆವು. ಕಾಕು ಒಂದು ಕಡೆ, ನಾನು ಒಂದು ಕಡೆ. ಕೆಸರಿನಲ್ಲಿ ಟಾಂಗಾ ಹೊಯ್ದಾಡುತ್ತಿತ್ತು. ಕುಸುಮ ನನ್ನ ಕೈ ಹಿಂಡುತ್ತ, “ಮಾತಾಡ್ರಿ ಅಕ್ಕಾ, ಏನರೆ ಮಾತಾಡ್ರಿ, ಸುಮ್ಮ ಆಗಬ್ಯಾಡ್ರಿ” ಎಂದಳು.

ಆ ಹೊತ್ತಿನಲ್ಲಿ ಏನು ಮಾತಾಡುವುದು? ಬಾಯಿಗೆ ಬಂದದ್ದು ಜೋಳದ ರೊಟ್ಟಿ. ಹಿಟ್ಟು ಜರಡಿ ಹಿಡಿಯುವುದರಿಂದ ಶುರುಮಾಡಿದೆ. ಎಸರು ಎಷ್ಟು ಕುದಿಯಬೇಕು, ಹಿಟ್ಟು ಎಷ್ಟು ನಾದಬೇ‌ಕು, ಬಡಿಯುವಾಗ ಅಂಚು ಒಡೆಯದ ಹಾಗೆ ಬೆರಳು ಹೇಗೆ ತಿರುಗಬೇಕು. ಹೆರಿಗೆಕೋಣೆಯಲ್ಲೂ ನರ್ಸಮ್ಮ ನನ್ನನ್ನು ಇರಗೊಟ್ಟಳು. ನಾನು ಹೊರಗೆ ಹೋದರೆ ಕುಸುಮ ಕಿರುಚುತ್ತಿದ್ದಳು. ಅಲ್ಲಿ ನಿಂತು ಮತ್ತೆ ಮೊದಲಿನಿಂದ ರೊಟ್ಟಿ ಬಡಿದೆ. ನೋವಿನ ನಡುವೆ ಒಮ್ಮೆ ಅವಳೇ, “ನೀರು... ಹಚ್ಚಲಿಲ್ರಿ ಮ್ಯಾಲ” ಎಂದು ತಿದ್ದಿದಳು. ತಾಯಿ ಮಾಡುತ್ತಿದ್ದದ್ದು ನೆನಪಿತ್ತು ಅವಳಿಗೆ.

ಹೆಣ್ಣು ಹುಟ್ಟಿತು. ಅತ್ತಿತು. ಕುಸುಮ ಬೆವರಿನಲ್ಲಿ ತೊಯ್ದ ಮುಖ ತಿರುಗಿಸಿ ನನ್ನನ್ನು ನೋಡಿ, “ಅದೀನಲ್ಲಾ ನಾನು?” ಎಂದಳು.

“ಅದೀ ತಂಗಿ, ಅದೀ!” ಎಂದೆ.

ಹೊರಗಿದ್ದ ಕಾಕು ಇಬ್ಬರೂ ಸುಖವೆಂದು ಕೇಳಿ ನೆಲದ ಮೇಲೆಯೇ ಕುಳಿತುಬಿಟ್ಟಳು. ಗಂಡೋ ಹೆಣ್ಣೋ ಎಂದು ಕೇಳುವುದೇ ಮರೆತಿದ್ದಳು. ಕೂಸನ್ನು ತಂದಾಗ ನನ್ನನ್ನು ಮುಂದೆ ದೂಡಿ, “ನೀನೇ ಹಿಡಿ ಶಾಂತಾ” ಎಂದಳು.

ನಾನು ಹೆದರಿದೆ. ನನ್ನ ತೋಳಿಗೆ ಆ ಭಾರ ನೆನಪಿತ್ತು. ಆದರೂ ಹಿಡಿದೆ. ಬೆಚ್ಚಗೆ, ಒದ್ದಾಡುತ್ತ, ಸಿಟ್ಟಿನಿಂದ ಕೆಂಪಾಗಿ ಇತ್ತು ಅದು. ನನ್ನವನು ತಿರುಗಿ ಬಂದನೆಂದು ನನಗೆ ಅನ್ನಿಸಲಿಲ್ಲ. ಅವನು ಅವನೇ, ಇದು ಕುಸುಮಳ ಮಗಳು. ಒಂದನ್ನು ಎತ್ತಿಕೊಂಡರೆ ಇನ್ನೊಂದನ್ನು ಕೆಳಗಿಡಬೇಕಾಗಿರಲಿಲ್ಲ. ಅದು ತಿಳಿದಾಗ ಎದೆಯೊಳಗೆ ಸಲೀಸಾಗಿ ಉಸಿರು ಓಡಾಡಿತು.

ಅವತ್ತು ಸಂಜೆ ನಮ್ಮವರು ಕಚೇರಿಯಿಂದ ನೇರ ಆಸ್ಪತ್ರೆಗೆ ಬಂದರು. ಕೊಡೆಯಿದ್ದರೂ ತೆರೆಯದೆ ಇಬ್ಬರೂ ಮಳೆಯಲ್ಲಿ ನಡೆದು ವಾಡೆಗೆ ಮರಳಿದೆವು. ಶುಕ್ರವಾರಿ ಕೆರೆಯ ಬಳಿ ನಿಂತು ಅವರು, “ದೀಪಾವಳಿಗೆ ಗದಗಿಗೆ ಹೋಗೂಣು. ಅವನ್ನ ಎಲ್ಲಿ ಇಟ್ಟಾರ ಅಂತ ಮಾವಾರನ್ನ ಕೇಳಬೇಕಾಗೈತಿ” ಎಂದರು.

ದೀಪಾವಳಿಗೆ ಹೋದೆವು. ಹಬ್ಬದ ಮರುದಿನ ಬೆಳಿಗ್ಗೆ ನಮ್ಮವರು ಅಪ್ಪನ ಮುಂದೆ ಕೇಳಿಯೇಬಿಟ್ಟರು. ಅಪ್ಪ ಕೋಲು ತೆಗೆದುಕೊಂಡು ಮುಂದೆ ನಡೆದ. ಊರ ಹೊರಗೆ ನಮ್ಮ ಹೊಲದ ಬದುವಿನಲ್ಲಿ ಒಂದು ಹುಣಸೆಮರ. ಅದರ ಬುಡದಲ್ಲಿ ನಾಲ್ಕು ಕಲ್ಲು ಸುತ್ತಲೂ ಇಟ್ಟಿತ್ತು. ಹುಲ್ಲು ಕಿತ್ತು ನೆಲ ಚೊಕ್ಕಟವಾಗಿತ್ತು. ಯಾರೋ ಆಗಾಗ ಬರುತ್ತಿದ್ದದ್ದು ಕಾಣುತ್ತಿತ್ತು.

“ಸ್ವಾಮಾರ ಸ್ವಾಮಾರ ಬರ್ತಿರ್ತೀನಿ” ಎಂದ ಅಪ್ಪ, ನೆಲ ನೋಡುತ್ತ. “ನಿಮ್ಮವ್ವಗ ಹೇಳಿಲ್ಲ. ಹೆಸರಿಟ್ಟಿದ್ದಿಲ್ಲಲ್ಲ, ನಾನ ಶಿವೂ ಅಂತ ಕರೀತೀನಿ.”

“ಚಲೋ ಹೆಸರೈತ್ರಿ ಮಾವಾರ” ಎಂದರು ನಮ್ಮವರು. ಬಗ್ಗಿ ಅಂಗೈಯನ್ನು ಮಣ್ಣಿನ ಮೇಲೆ ಇಟ್ಟು ಬಹಳ ಹೊತ್ತು ಹಾಗೇ ಇದ್ದರು. ಅಪ್ಪ ಅವರ ಬೆನ್ನ ಮೇಲೆ ಕೈಯಿಟ್ಟ.

ಮನೆಗೆ ಬಂದಾಗ ಅವ್ವ ಒಲೆಯ ಮುಂದಿದ್ದಳು. “ಇಷ್ಟೊತ್ತು ಎಲ್ಲಿ ಹೋಗಿದ್ರಿ? ಊಟ ಆರಾಕತ್ತೈತಿ” ಎಂದಳು.

“ಶಿವೂನ ಕಡೆ ಹೋಗಿದ್ವಿ” ಎಂದ ಅಪ್ಪ.

ಯಾವ ಶಿವೂ ಎಂದು ಅವ್ವ ಕೇಳಲಿಲ್ಲ. ತಾಟು ಇಟ್ಟಳು. ನಾವೆಲ್ಲ ಕುಳಿತೆವು. ಪಲ್ಯ ಬಡಿಸಿ, ಬೆಣ್ಣೆ ಹಾಕಿ, ತಾನೂ ಗೋಡೆಗೆ ಒರಗಿ ಕುಳಿತು, ಅವ್ವ ಯಾರನ್ನೂ ನೋಡದೆ ಹೇಳಿದಳು:

“ಹುಟ್ಟಿದ ಕೂಡಲೆ ಎಂಥಾ ದನಿ ತಗದಿದ್ದ ಅಂತೀರಿ. ಬಾಜೂಮನಿ ಕಲ್ಲವ್ವ ನಸಿಕಿನ್ಯಾಗ ಎದ್ದು ಬಂದಿದ್ಲು, ಯಾವ ಪೈಲವಾನ ಹುಟ್ಟ್ಯಾನವಾ ಅಂತ.”

ನನಗೆ ಅದು ನೆನಪೇ ಇರಲಿಲ್ಲ. ನಮ್ಮವರು ರೊಟ್ಟಿ ಮುರಿದ ಕೈ ಹಾಗೇ ಹಿಡಿದು ಅವ್ವನನ್ನೇ ನೋಡುತ್ತಿದ್ದರು.

“ಇನ್ನೂ ಹೇಳವ್ವಾ” ಎಂದೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳುತ್ತ ಹೋದಳು. ನಾವು ಉಣ್ಣುತ್ತ ಕೇಳಿದೆವು.